ದಮ್ಮು ಬೇಗ ಬರುತ್ತದೆ, ಮೂಳೆಗೆ ಸಮಯ ಬೇಕು
ಹೊಸದಾಗಿ ಓಡುವವರಿಗೆ ಅರವತ್ತು ವರ್ಷಗಳ ಅನುಭವ ಮತ್ತು ಸಂಶೋಧನೆ ಹೇಳುವುದೇನು?

ಕರ್ನಾಟಕದಲ್ಲಿ ಇವತ್ತು ಹೊಸದಾಗಿ ಓಡಲು ಹೊರಡುವವರಲ್ಲಿ ಎರಡು ಗುಂಪು ಎದ್ದು ಕಾಣುತ್ತವೆ. ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಗಡಿ ಮುಟ್ಟಿದೆ ಎಂದು ವೈದ್ಯರು ಎಚ್ಚರಿಸಿದ ಮೇಲೆ ಶೂ ಕೊಂಡು ಪಾರ್ಕಿಗೆ ಬರುವ ನಲವತ್ತರ ಆಸುಪಾಸಿನವರು ಒಂದು ಗುಂಪು. ಪೊಲೀಸ್ ಮತ್ತು ಸೇನಾ ನೇಮಕಾತಿಗೆ ತಯಾರಾಗುತ್ತ, ನಸುಕಿನಲ್ಲೇ ಎದ್ದು ಊರ ಹೊರಗಿನ ಡಾಂಬರು ರಸ್ತೆಗಿಳಿಯುವ ಯುವಕ ಯುವತಿಯರು ಇನ್ನೊಂದು ಗುಂಪು. ಇವರ ವಯಸ್ಸು ಬೇರೆ, ಉದ್ದೇಶ ಬೇರೆ. ಎಡವುವುದು ಮಾತ್ರ ಒಂದೇ ಕಡೆ. ಮೊದಲ ದಿನವೇ ಮೈಯಲ್ಲಿರುವ ಶಕ್ತಿಯನ್ನೆಲ್ಲ ಸುರಿದು ಓಡುತ್ತಾರೆ. ಇನ್ನೂರು ಮುನ್ನೂರು ಮೀಟರಿಗೆ ಏದುಸಿರು ಬಂದು, ಪಕ್ಕೆ ಹಿಡಿದು ನಿಲ್ಲುತ್ತಾರೆ. ನಲವತ್ತರವರು ‘ಇದು ನಮ್ಮಂಥವರಿಗಲ್ಲ’ ಎಂದು ತಿಂಗಳೊಳಗೆ ಬಿಡುತ್ತಾರೆ. ಬಿಡುವಂತಿಲ್ಲದ ಯುವಕರು ಕಾಲುನೋವಿನ ಮೇಲೆಯೇ ಓಡಿ, ಪರೀಕ್ಷೆಯ ದಿನಕ್ಕೆ ಕುಂಟುತ್ತ ಬರುತ್ತಾರೆ.

ಇದಕ್ಕೆ ಅವರ ಮನೋಬಲ ಕಡಿಮೆಯಾದದ್ದು ಕಾರಣವಲ್ಲ, ಅವರಿಗೆ ಯಾರೂ ಸರಿಯಾದ ಮಾಹಿತಿ ಕೊಟ್ಟಿರುವುದಿಲ್ಲ. ಸಾಮಾನ್ಯ ಜನ ಓಡಲು ಕಲಿಯುವುದು ಹೇಗೆ, ತಾಳಿಕೆ ಬೆಳೆಯುವುದು ಹೇಗೆ, ಎಲ್ಲಿ ಅಪಾಯವಿದೆ, ಎಲ್ಲಿ ಬರೀ ಭಯವಿದೆ ಎಂಬ ಪ್ರಶ್ನೆಗಳಿಗೆ ಕಳೆದ ಅರವತ್ತು ವರ್ಷಗಳಲ್ಲಿ ಸಾಕಷ್ಟು ಉತ್ತರಗಳು ಸಿಕ್ಕಿವೆ. ಕೆಲವು ಗಟ್ಟಿಯಾಗಿವೆ, ಕೆಲವು ಇನ್ನೂ ಚರ್ಚೆಯಲ್ಲಿವೆ. ಅವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ತೀರ್ಮಾನ ನಿಚ್ಚಳವಾಗುತ್ತದೆ: ಉಸಿರು ಮತ್ತು ಹೃದಯ ಬೇಗ ಹದಕ್ಕೆ ಬರುತ್ತವೆ, ಮೂಳೆ ಮತ್ತು ಸ್ನಾಯುರಜ್ಜುಗಳು ತಡವಾಗಿ ಬರುತ್ತವೆ. ಈ ಅಂತರವನ್ನು ಗೌರವಿಸಿದವರು ಓಟದಲ್ಲಿ ಉಳಿಯುತ್ತಾರೆ.

ಓಟ ಜನಸಾಮಾನ್ಯರದಾದ ಬಗೆ

ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಆರ್ಥರ್ ಲಿಡಿಯಾರ್ಡ್ ಎಂಬ ತರಬೇತುದಾರ ಇದ್ದರು. ಹೊಟ್ಟೆಪಾಡಿಗೆ ಶೂ ಕಾರ್ಖಾನೆಯ ಕೆಲಸ. ಅವರ ಪದ್ಧತಿ ಆ ಕಾಲಕ್ಕೆ ವಿಚಿತ್ರವಾಗಿತ್ತು: ಓಡುವ ಸ್ಪರ್ಧೆ ಚಿಕ್ಕದಿರಲಿ ದೊಡ್ಡದಿರಲಿ, ಮೊದಲು ತಿಂಗಳುಗಟ್ಟಲೆ ದೂರದ ಓಟ, ವೇಗದ ಅಭ್ಯಾಸ ಆಮೇಲೆ. 800 ಮೀಟರ್ ಓಟಗಾರ ಪೀಟರ್ ಸ್ನೆಲ್ ಅವರಿಂದಲೂ ವಾರಕ್ಕೆ 160 ಕಿಲೋಮೀಟರ್ ಓಡಿಸುತ್ತಿದ್ದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಸ್ನೆಲ್ 800 ಮೀಟರಿನಲ್ಲಿ, ಅದೇ ದಿನ ಇನ್ನೊಬ್ಬ ಶಿಷ್ಯ ಮರ್ರೆ ಹಾಲ್‌ಬರ್ಗ್ 5000 ಮೀಟರಿನಲ್ಲಿ ಚಿನ್ನ ಗೆದ್ದಾಗ ಜಗತ್ತು ಈ ಪದ್ಧತಿಯತ್ತ ತಿರುಗಿ ನೋಡಿತು.

ಲಿಡಿಯಾರ್ಡ್ ಮಾಡಿದ ಅದಕ್ಕಿಂತ ದೊಡ್ಡ ಕೆಲಸವೆಂದರೆ ಇದೇ ತತ್ವವನ್ನು ಸಾಮಾನ್ಯರಿಗೆ ತಂದದ್ದು. ಅರವತ್ತರ ದಶಕದ ಆರಂಭದಲ್ಲಿ ಆಕ್ಲೆಂಡಿನ ನಡುವಯಸ್ಸಿನವರು, ಹೃದಯಾಘಾತದಿಂದ ಚೇತರಿಸಿಕೊಂಡವರು ಕೂಡ, ಅವರ ಪ್ರೇರಣೆಯಿಂದ ಗುಂಪುಗೂಡಿ ನಿಧಾನವಾಗಿ ಓಡತೊಡಗಿದರು. 1962ರ ಕೊನೆಗೆ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ತರಬೇತುದಾರ ಬಿಲ್ ಬೋವರ್‌ಮನ್ ಅಲ್ಲಿಗೆ ಹೋದರು. ಐವತ್ತು ದಾಟಿದ್ದ ಅವರು, ತಾವು ಸಾಕಷ್ಟು ಗಟ್ಟಿಮುಟ್ಟಾಗಿದ್ದೇವೆ ಎಂದುಕೊಂಡು ಆ ಗುಂಪಿನೊಂದಿಗೆ ಓಡಲು ಹೋಗಿ ಹಿಂದೆ ಬಿದ್ದರು. ಎಪ್ಪತ್ತು ದಾಟಿದ, ಮೂರು ಬಾರಿ ಹೃದಯಾಘಾತ ಕಂಡಿದ್ದ ಹಿರಿಯರೊಬ್ಬರು ಅವರ ಜೊತೆಗೇ ಉಳಿದು, ಮಾತಾಡಿಸುತ್ತ ಗುಡ್ಡ ಹತ್ತಿಸಿದರು. ಬೋವರ್‌ಮನ್‌ಗೆ ಉತ್ತರ ಕೊಡಲೂ ಉಸಿರಿರಲಿಲ್ಲ. ಊರಿಗೆ ಮರಳಿ ಅವರು ಇದೇ ಬಗೆಯ ಓಟವನ್ನು ಜನರಿಗೆ ಕಲಿಸಿದರು, ಪುಸ್ತಕ ಬರೆದರು. 1968ರಲ್ಲಿ ವೈದ್ಯ ಕೆನೆತ್ ಕೂಪರ್ ಅವರ ‘ಏರೋಬಿಕ್ಸ್’ ಪುಸ್ತಕ ಬಂತು. ಅಲ್ಲಿಂದ ಓಟ ಕ್ರೀಡಾಂಗಣ ದಾಟಿ ರಸ್ತೆಗೆ, ಉದ್ಯಾನಕ್ಕೆ ಬಂತು.

ಮೈಯೊಳಗೆ ಏನಾಗುತ್ತದೆ?

ಹೊಸಬರು ವಾರಕ್ಕೆ ಮೂರು ದಿನ ನಿಧಾನವಾಗಿ ಓಡತೊಡಗಿದರೆ ಮೊದಲ ಬದಲಾವಣೆ ರಕ್ತದಲ್ಲಿ ಆಗುತ್ತದೆ. ಒಂದೆರಡು ವಾರದೊಳಗೇ ರಕ್ತದ ದ್ರವಾಂಶ ಹೆಚ್ಚುತ್ತದೆ. ಹೃದಯಕ್ಕೆ ತುಂಬಿಕೊಳ್ಳಲು ಹೆಚ್ಚು ರಕ್ತ ಸಿಗುವುದರಿಂದ ಒಂದೊಂದು ಬಡಿತಕ್ಕೂ ಅದು ಹೊರದೂಡುವ ಪ್ರಮಾಣ ಏರುತ್ತದೆ. ಅದೇ ವೇಗದಲ್ಲಿ ಓಡಿದರೂ ನಾಡಿ ಮೊದಲಿನಷ್ಟು ಏರುವುದಿಲ್ಲ. ಮುಂದಿನ ವಾರಗಳಲ್ಲಿ ಸ್ನಾಯುಗಳ ಸುತ್ತ ಹೊಸ ಲೋಮನಾಳಗಳು ಹುಟ್ಟುತ್ತವೆ, ಸ್ನಾಯುಕೋಶಗಳೊಳಗೆ ಆಮ್ಲಜನಕ ಬಳಸಿ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಗಳು ಹೆಚ್ಚುತ್ತವೆ. 1967ರಲ್ಲಿ ಅಮೆರಿಕದ ವಿಜ್ಞಾನಿ ಜಾನ್ ಹೊಲೋಸಿ ಇಲಿಗಳನ್ನು ಹನ್ನೆರಡು ವಾರ ಟ್ರೆಡ್‌ಮಿಲ್ ಮೇಲೆ ಓಡಿಸಿ, ಅವುಗಳ ಸ್ನಾಯುವಿನಲ್ಲಿ ಈ ಸಾಮರ್ಥ್ಯ ಸುಮಾರು ಇಮ್ಮಡಿಯಾಗುವುದನ್ನು ತೋರಿಸಿದರು. ನಾವು ದಮ್ಮು ಎನ್ನುವುದು ಬರೀ ಶ್ವಾಸಕೋಶದ ಗುಣವಲ್ಲ, ಅದರ ದೊಡ್ಡ ಪಾಲು ಕಾಲಿನ ಸ್ನಾಯುಗಳೊಳಗೇ ಇದೆ ಎಂಬುದು ಆಗ ಖಚಿತವಾಯಿತು.

ಮೂಳೆಯ ಲೆಕ್ಕ ಬೇರೆ. ಹೊಸ ಭಾರ ಬಿದ್ದಾಗ ಮೂಳೆ ಮೊದಲು ತನ್ನ ಹಳೆಯ ಕಣಗಳನ್ನು ಕರಗಿಸಿ, ಆಮೇಲೆ ಆ ಜಾಗದಲ್ಲಿ ಹೊಸದನ್ನು ಕಟ್ಟುತ್ತದೆ. ಕರಗುವ ಕೆಲಸಕ್ಕೆ ಕೆಲವು ವಾರ ಸಾಕು, ಕಟ್ಟುವ ಕೆಲಸಕ್ಕೆ ತಿಂಗಳುಗಳು ಬೇಕು. ನಡುವಿನ ಅವಧಿಯಲ್ಲಿ ಆ ಭಾಗ ಮೊದಲಿಗಿಂತ ತುಸು ದುರ್ಬಲವಾಗಿಯೇ ಇರುತ್ತದೆ. ತಾರಸಿ ಹಾಕಿದ ಮೇಲೆ ಕ್ಯೂರಿಂಗ್ ಮುಗಿಯುವ ತನಕ ಅದರ ಮೇಲೆ ಭಾರ ಹೇರದೆ ಕಾಯುತ್ತೇವಲ್ಲ, ಮೂಳೆಯೂ ಕೇಳುವುದು ಅದನ್ನೇ. ಓಡುವಾಗ ನೆಲಕ್ಕೆ ತಾಗುವ ಪ್ರತಿ ಹೆಜ್ಜೆಯಲ್ಲೂ ದೇಹದ ತೂಕದ ಎರಡರಿಂದ ಮೂರು ಪಟ್ಟು ಬಲ ಕಾಲಿನ ಮೇಲೆ ಬೀಳುತ್ತದೆ ಎಂಬುದನ್ನು ನೆನಪಿಟ್ಟರೆ ಈ ಕಾಯುವಿಕೆಯ ಮಹತ್ವ ತಿಳಿಯುತ್ತದೆ.

ಇದರ ಸಾಕ್ಷ್ಯ ಹಳೆಯದು. 1855ರಲ್ಲೇ ಪ್ರಷ್ಯದ ಸೇನಾ ವೈದ್ಯ ಬ್ರೈಟ್‌ಹೌಪ್ಟ್, ಕವಾಯತು ಮಾಡುವ ಹೊಸ ಸೈನಿಕರ ಪಾದ ಊದಿಕೊಂಡು ನೋಯುವುದನ್ನು ದಾಖಲಿಸಿದರು. ಎಕ್ಸ್-ರೇ ಬಂದ ಮೇಲೆ ಅದು ಮೂಳೆಯ ಸಣ್ಣ ಬಿರುಕು ಎಂದು ಗೊತ್ತಾಯಿತು. ಇಂದು ನಮ್ಮ ನೇಮಕಾತಿ ಆಕಾಂಕ್ಷಿಗಳ ಕಾಲಿನಲ್ಲಿ ಕಾಣುವುದೂ ಅದೇ. ಹೆಚ್ಚಿನವರಲ್ಲಿ ಮೂರನೆಯ ನಾಲ್ಕನೆಯ ವಾರಕ್ಕೆ ಉಸಿರು ಹಗುರವಾಗುತ್ತದೆ, ಹುಮ್ಮಸ್ಸು ಏರುತ್ತದೆ, ಓಟದ ದೂರ ಒಮ್ಮೆಲೇ ಇಮ್ಮಡಿಯಾಗುತ್ತದೆ. ಮೂಳೆ ಅತ್ಯಂತ ಎಳೆಯದಾಗಿರುವ ಹೊತ್ತೂ ಅದೇ.

ನೋವಿನ ಸ್ವಭಾವವನ್ನು ಗುರುತಿಸಲು ಹೊಸಬರು ಕಲಿತಿರಬೇಕು. ಎರಡೂ ತೊಡೆ, ಎರಡೂ ಮೀನಖಂಡ ಹರಡಿದಂತೆ ನೋಯುತ್ತ, ಎರಡು ಮೂರು ದಿನದಲ್ಲಿ ಇಳಿದರೆ ಅದು ಸ್ನಾಯುವಿನ ಸಹಜ ನೋವು. ಮೊಣಕಾಲಿನ ಕೆಳಗೆ, ಮುಂಭಾಗದ ಉದ್ದ ಮೂಳೆಯ ಒಳ ಅಂಚಿನಲ್ಲಿ ಬೆರಳಿನಿಂದ ಒತ್ತುತ್ತ ಹೋಗಿ ನೋಡಿ. ಒಂದು ಗೇಣಿನಷ್ಟು ಉದ್ದಕ್ಕೂ ನೋವಿದ್ದರೆ ಓಟ ಕಡಿಮೆ ಮಾಡಿ ವಿಶ್ರಾಂತಿ ಕೊಡಬೇಕು. ಒಂದೇ ಬಿಂದುವಿನಲ್ಲಿ, ಬೆರಳಿಟ್ಟು ತೋರಿಸುವಷ್ಟು ಚುರುಕಾಗಿ ನೋಯುತ್ತಿದ್ದರೆ, ಓಡಿದಷ್ಟೂ ಹೆಚ್ಚುತ್ತಿದ್ದರೆ, ರಾತ್ರಿ ಮಲಗಿದಾಗಲೂ ಇದ್ದರೆ ಅದು ಮೂಳೆಯ ಬಿರುಕಿರಬಹುದು. ಆಗ ಎಣ್ಣೆ ತಿಕ್ಕುತ್ತ, ಮಾತ್ರೆ ನುಂಗುತ್ತ ಓಡಬಾರದು, ಮೂಳೆ ವೈದ್ಯರ ಬಳಿಗೆ ಹೋಗಬೇಕು.

ಎಷ್ಟು ನಿಧಾನ?

ನಿಧಾನವಾಗಿ ಓಡಿ ಎಂದಾಗ ಬರುವ ಮೊದಲ ಪ್ರಶ್ನೆ ‘ಎಷ್ಟು ನಿಧಾನ’ ಎಂಬುದು. ಕೈಗಡಿಯಾರಗಳು ಹೃದಯಬಡಿತದ ಲೆಕ್ಕ ಕೊಡುತ್ತವೆ. ಗರಿಷ್ಠ ಬಡಿತ ತಿಳಿಯಲು 220ರಿಂದ ವಯಸ್ಸನ್ನು ಕಳೆಯುವ ಸೂತ್ರ ಎಲ್ಲರ ಬಾಯಲ್ಲಿದೆ. ಆದರೆ ಅದು ಸರಾಸರಿ ಮಾತ್ರ, ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಹೆಚ್ಚುಕಡಿಮೆ ಆಗುವುದು ಸಾಮಾನ್ಯ. ಅದಕ್ಕಿಂತ ನಂಬಿಕಸ್ಥ ಪರೀಕ್ಷೆ ಮಾತು. ಓಡುತ್ತಲೇ ನಿಮ್ಮ ಮನೆಯ ಪೂರ್ತಿ ವಿಳಾಸವನ್ನು, ಪಿನ್‌ಕೋಡ್ ಸಮೇತ, ಒಂದೇ ಉಸಿರಿನಲ್ಲಿ ಹೇಳಲು ಆಗಬೇಕು. ಅಡ್ಡರಸ್ತೆಯ ಹೆಸರಿಗೇ ಉಸಿರು ಕಟ್ಟಿದರೆ ವೇಗ ಹೆಚ್ಚಾಗಿದೆ ಎಂದರ್ಥ. ಆರಂಭದಲ್ಲಿ ಈ ವೇಗ ಚುರುಕು ನಡಿಗೆಗಿಂತ ಹೆಚ್ಚೇನೂ ಇರುವುದಿಲ್ಲ. ನಾಚಿಕೆ ಪಡಬೇಕಿಲ್ಲ, ಮೈಯೊಳಗಿನ ಬದಲಾವಣೆಗಳೆಲ್ಲ ಈ ವೇಗದಲ್ಲೂ ನಡೆಯುತ್ತವೆ.

ಒಂದೇ ಸಮನೆ ಓಡಲಾಗದವರಿಗೆ ಓಟ ಮತ್ತು ನಡಿಗೆಯನ್ನು ಬೆರೆಸುವ ದಾರಿ ಇದೆ. 1972ರ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪರ ಓಡಿದ ಜೆಫ್ ಗ್ಯಾಲೋವೇ ಎಪ್ಪತ್ತರ ದಶಕದಿಂದ ಇದನ್ನು ಪ್ರಚಾರ ಮಾಡಿದರು. 1996ರಲ್ಲಿ ಜೋಶ್ ಕ್ಲಾರ್ಕ್ ರೂಪಿಸಿದ ‘ಕೌಚ್ ಟು 5ಕೆ’ ಎಂಬ ಒಂಬತ್ತು ವಾರದ ಯೋಜನೆ ಈಗ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಬ್ರಿಟನ್ನಿನ ಸರಕಾರಿ ಆರೋಗ್ಯ ಸೇವೆಯೂ ಅದನ್ನು ತನ್ನದಾಗಿಸಿಕೊಂಡಿದೆ. ವಾರಕ್ಕೆ ಮೂರೇ ದಿನ, ನಡುವೆ ಬಿಡುವು. ಮೊದಲ ವಾರ ಐದು ನಿಮಿಷ ಚುರುಕಾಗಿ ನಡೆದು, ಆಮೇಲೆ 60 ಸೆಕೆಂಡು ಓಟ, 90 ಸೆಕೆಂಡು ನಡಿಗೆ, ಹೀಗೆ ಇಪ್ಪತ್ತು ನಿಮಿಷ. ಒಂಬತ್ತನೆಯ ವಾರದ ಗುರಿ ಮೂವತ್ತು ನಿಮಿಷದ ನಿಲ್ಲದ ಓಟ.

ಯೋಜನೆ ಒಳ್ಳೆಯದೇ, ಆದರೆ ಎಲ್ಲರಿಗೂ ಒಂದೇ ಅಳತೆ ಸರಿಹೋಗದು. ಐದನೆಯ ವಾರದ ಎರಡನೆಯ ದಿನ ಎಂಟೆಂಟು ನಿಮಿಷದ ಎರಡು ಓಟ, ನಡುವೆ ಐದು ನಿಮಿಷ ನಡಿಗೆ. ಮೂರನೆಯ ದಿನ ಒಮ್ಮೆಲೇ ಇಪ್ಪತ್ತು ನಿಮಿಷ! ಅಲ್ಲಿ ಅನೇಕರು ಹೆದರಿ ನಿಲ್ಲುತ್ತಾರೆ. ತೂಕ ಹೆಚ್ಚಿರುವವರು, ಐವತ್ತು ದಾಟಿದವರು, ಬಹಳ ವರ್ಷ ಮೈ ಅಲುಗಿಸದವರು ಒಂದೊಂದು ವಾರದ ಪಾಠವನ್ನು ಎರಡು ಸಲ ಮಾಡಿದರೆ ನಷ್ಟವೇನೂ ಇಲ್ಲ. ಒಂಬತ್ತು ವಾರದ್ದು ಹದಿನೆಂಟು ವಾರವಾಗುತ್ತದೆ, ಮೂಳೆಗೂ ಅಷ್ಟು ಸಮಯ ಸಿಗುತ್ತದೆ.

ನೇಮಕಾತಿಗೆ ಓಡುವವರಿಗೂ ಈ ಮಾತು ಅನ್ವಯಿಸುತ್ತದೆ. ಕರ್ನಾಟಕದ ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಯಲ್ಲಿ ಪುರುಷರು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. ಅದಕ್ಕಾಗಿ ದಿನಾಲೂ 1600 ಮೀಟರನ್ನೇ ಪ್ರಾಣ ಹೋಗುವಂತೆ ಓಡಿ, ಸ್ಟಾಪ್‌ವಾಚ್ ನೋಡುವುದು ನಮ್ಮಲ್ಲಿ ರೂಢಿ. ಆದರೆ ಆರು ನಿಮಿಷ ಮೀರಿದ ಯಾವುದೇ ಓಟದಲ್ಲಿ ಶಕ್ತಿಯ ಬಹುಪಾಲು ಬರುವುದು ಆಮ್ಲಜನಕದ ದಾರಿಯಿಂದಲೇ. ಆ ಬುನಾದಿ ಬೆಳೆಯುವುದು ವಾರಕ್ಕೆ ಮೂರು ನಾಲ್ಕು ದಿನ ಮೂವತ್ತು ನಲವತ್ತು ನಿಮಿಷ ಮಾತಾಡುತ್ತ ಓಡಿದಾಗ. ವೇಗದ ಓಟಕ್ಕೆ ವಾರದಲ್ಲಿ ಒಂದು ದಿನ ಸಾಕು. ನಾರ್ವೆಯಲ್ಲಿ ನೆಲೆಸಿದ ಸಂಶೋಧಕ ಸ್ಟೀಫನ್ ಸೈಲರ್ ವಿವಿಧ ಕ್ರೀಡೆಗಳ ಶ್ರೇಷ್ಠ ಕ್ರೀಡಾಪಟುಗಳ ತರಬೇತಿಯನ್ನು ಪರಿಶೀಲಿಸಿದಾಗ, ಅವರ ಅಭ್ಯಾಸದಲ್ಲಿ ಸುಮಾರು ಶೇಕಡಾ 80 ಭಾಗ ಹಗುರವಾದದ್ದೇ ಇತ್ತು. ಒಲಿಂಪಿಕ್ ಮಟ್ಟದವರೇ ಹೀಗೆ ನಡೆದುಕೊಳ್ಳುವಾಗ ಹೊಸಬರು ದಿನಾಲೂ ಜೋರಾಗಿ ಓಡಬೇಕೆಂಬ ಹಟಕ್ಕೆ ಆಧಾರವಿಲ್ಲ.

ವಾರಕ್ಕೆ ಎಷ್ಟು ಏರಿಸಬಹುದು?

ಇಲ್ಲಿ ಚರ್ಚೆ ಇನ್ನೂ ಮುಗಿದಿಲ್ಲ. ವಾರಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರಿಸಬೇಡಿ ಎಂಬುದು ಓಟಗಾರರ ನಡುವೆ ಬಹುಕಾಲದಿಂದ ಪ್ರಚಲಿತ ನಿಯಮ. ನೆದರ್ಲೆಂಡ್ಸ್‌ನ ಗ್ರೋನಿಂಗನ್‌ನಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿದರು. 532 ಮಂದಿ ಹೊಸ ಓಟಗಾರರಲ್ಲಿ ಅರ್ಧ ಜನರಿಗೆ ಈ ನಿಯಮದಂತೆ 13 ವಾರ, ಉಳಿದವರಿಗೆ ಚುರುಕಾದ 8 ವಾರಗಳ ತರಬೇತಿ. 2008ರಲ್ಲಿ ಪ್ರಕಟವಾದ ಫಲಿತಾಂಶ ಅಚ್ಚರಿ ತಂದಿತು: ಎರಡೂ ಗುಂಪಿನಲ್ಲಿ ಐವರಲ್ಲಿ ಒಬ್ಬರಿಗೆ ಪೆಟ್ಟಾಗಿತ್ತು, ವ್ಯತ್ಯಾಸವೇ ಇರಲಿಲ್ಲ. ಡೆನ್ಮಾರ್ಕಿನ 2014ರ ಅಧ್ಯಯನವೊಂದರಲ್ಲಿ, ದೂರವನ್ನು ಶೇಕಡಾ 30ಕ್ಕಿಂತ ಹೆಚ್ಚು ಏರಿಸಿದ ಹೊಸಬರಲ್ಲಿ ಕೆಲವು ಬಗೆಯ ನೋವುಗಳು ಹೆಚ್ಚಿದ್ದವು. 2025ರಲ್ಲಿ ಐದು ಸಾವಿರಕ್ಕೂ ಹೆಚ್ಚು ಓಟಗಾರರನ್ನು ಹಿಂಬಾಲಿಸಿದ ಇನ್ನೊಂದು ಅಧ್ಯಯನ ಪ್ರಶ್ನೆಯನ್ನೇ ಬದಲಿಸಿತು. ವಾರದ ಒಟ್ಟು ದೂರಕ್ಕಿಂತ ಒಂದೇ ದಿನದ ಅತಿರೇಕ ಅಪಾಯಕಾರಿ ಎಂದು ಅದು ಹೇಳಿತು. ಹಿಂದಿನ ಮೂವತ್ತು ದಿನಗಳಲ್ಲಿ ಓಡಿದ ಅತಿ ಉದ್ದದ ಓಟಕ್ಕಿಂತ ಶೇಕಡಾ 10ಕ್ಕೂ ಹೆಚ್ಚು ದೂರವನ್ನು ಒಂದೇ ಸಲಕ್ಕೆ ಓಡಿದವರಲ್ಲಿ ಪೆಟ್ಟು ಹೆಚ್ಚಿತ್ತು.

ಇವನ್ನೆಲ್ಲ ಸೇರಿಸಿದರೆ ಹೊಸಬರಿಗೆ ಒಂದು ಪ್ರಾಯೋಗಿಕ ಸೂತ್ರ ಸಿಗುತ್ತದೆ. ಶೇಕಡಾವಾರು ಲೆಕ್ಕಕ್ಕೆ ತಲೆಕೆಡಿಸಿಕೊಳ್ಳುವುದಕ್ಕಿಂತ ಒಂದೇ ದಿನ ದೊಡ್ಡ ಜಿಗಿತ ಮಾಡದಿರುವುದು ಮುಖ್ಯ. ವಾರವಿಡೀ ಮೂರು ಕಿಲೋಮೀಟರ್ ಓಡುತ್ತಿದ್ದವರು ಗೆಳೆಯರ ಒತ್ತಾಯಕ್ಕೆ ಭಾನುವಾರ ಹತ್ತು ಕಿಲೋಮೀಟರ್ ಓಟದ ಸ್ಪರ್ಧೆಗೆ ಹೆಸರು ಕೊಡುವುದು ಸಲ್ಲದು. ಮೂರು ವಾರ ಏರಿಸಿ, ನಾಲ್ಕನೆಯ ವಾರ ತುಸು ಇಳಿಸುವುದು ಅನುಭವಿ ತರಬೇತುದಾರರ ರೂಢಿ, ಅದು ಸುರಕ್ಷಿತ.

ಮೊಣಕಾಲು ಮತ್ತು ಹೃದಯದ ಭಯ

‘ಓಡಿದರೆ ಮೊಣಕಾಲು ಸವೆಯುತ್ತದೆ’ ಎಂಬ ಮಾತನ್ನು ಕೇಳದ ಓಟಗಾರರಿಲ್ಲ. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ ಮೊಣಕಾಲು ಅಥವಾ ಸೊಂಟದ ಕೀಲಿನ ಸವೆತ ಹವ್ಯಾಸಿ ಓಟಗಾರರಲ್ಲಿ ಶೇಕಡಾ 3.5, ಓಡದೆ ಕೂತವರಲ್ಲಿ ಶೇಕಡಾ 10.2, ವೃತ್ತಿಪರ ಸ್ಪರ್ಧಿಗಳಲ್ಲಿ ಶೇಕಡಾ 13.3 ಕಂಡಿತು. ಹದವಾಗಿ ಓಡುವವರ ಮೊಣಕಾಲು ಕೂತಿರುವವರದಕ್ಕಿಂತ ಚೆನ್ನಾಗಿದೆ. ಆದರೆ ಈಗಾಗಲೇ ಕೀಲು ಸವೆದವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಹೃದಯದ ಭಯ ಇನ್ನೂ ಆಳದ್ದು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ನಾಡಿನ ಮನೆಮನೆಯಲ್ಲೂ ಈ ಭಯ ಹೊಕ್ಕಿತು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದರು. ವ್ಯಾಯಾಮವೇ ಅಪಾಯ ಎಂದು ಬಿಟ್ಟುಬಿಟ್ಟವರೂ ಇದ್ದಾರೆ. ಭಯ ಸಹಜ, ಆದರೆ ಅಂಕಿಅಂಶ ಬೇರೆಯದನ್ನೇ ಹೇಳುತ್ತದೆ. ಅಮೆರಿಕದಲ್ಲಿ 2000ದಿಂದ 2010ರವರೆಗೆ ಮ್ಯಾರಥಾನ್ ಮತ್ತು ಅರೆ ಮ್ಯಾರಥಾನ್ ಓಡಿದ 1 ಕೋಟಿ 9 ಲಕ್ಷ ಜನರಲ್ಲಿ ಹೃದಯ ಸ್ತಂಭನ ಆದದ್ದು 59 ಮಂದಿಗೆ. ಅಂದರೆ ಲಕ್ಷಕ್ಕೆ ಒಬ್ಬರಿಗಿಂತ ಕಡಿಮೆ. ಅವರಲ್ಲಿ ಹೆಚ್ಚಿನವರಿಗೆ ಮೊದಲೇ ಹೃದಯದ ತೊಂದರೆ ಇತ್ತು. ಇನ್ನೊಂದೆಡೆ, 55,137 ವಯಸ್ಕರನ್ನು ಸರಾಸರಿ 15 ವರ್ಷ ಗಮನಿಸಿದ 2014ರ ಅಧ್ಯಯನದಲ್ಲಿ ಓಡುವವರು ಹೃದ್ರೋಗದಿಂದ ಸಾಯುವ ಸಂಭವ ಓಡದವರಿಗಿಂತ ಶೇಕಡಾ 45ರಷ್ಟು ಕಡಿಮೆ ಇತ್ತು. ದಿನಕ್ಕೆ ಐದು ಹತ್ತು ನಿಮಿಷ ನಿಧಾನವಾಗಿ ಓಡಿದವರಿಗೂ ಪ್ರಯೋಜನ ಕಂಡಿತು. ಆರೋಗ್ಯವಂತರೇ ಓಟಕ್ಕೆ ಬರುವುದರಿಂದ ಈ ಅಂತರದಲ್ಲಿ ಒಂದು ಪಾಲು ಅದಕ್ಕೂ ಸೇರಿರಬಹುದು. ಹಾಗಿದ್ದರೂ ತಕ್ಕಡಿ ಓಟದ ಕಡೆಗೇ ವಾಲುತ್ತದೆ.

ಎಚ್ಚರಿಕೆಯ ಉದಾಹರಣೆಯೂ ಇದೆ. 1977ರಲ್ಲಿ ಓಟದ ಬಗ್ಗೆ ಜನಪ್ರಿಯ ಪುಸ್ತಕ ಬರೆದ ಅಮೆರಿಕದ ಜಿಮ್ ಫಿಕ್ಸ್ 1984ರಲ್ಲಿ ಓಡುವಾಗಲೇ 52ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅವರ ತಂದೆಯೂ 43ನೇ ವಯಸ್ಸಿನಲ್ಲಿ ಹೃದ್ರೋಗದಿಂದಲೇ ಸತ್ತಿದ್ದರು. ಓಟ ವಂಶಪಾರಂಪರ್ಯವನ್ನು ಅಳಿಸಿಹಾಕುವುದಿಲ್ಲ. ಮನೆಯಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತ ಕಂಡವರು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು, ಬೀಡಿ ಸಿಗರೇಟು ಸೇದುವವರು ಓಟ ಶುರುಮಾಡುವ ಮೊದಲು ತಪಾಸಣೆ ಮಾಡಿಸಬೇಕು. ಓಡುವಾಗ ಎದೆ ಹಿಂಡಿದಂತಾದರೆ, ನೋವು ದವಡೆಗೋ ಎಡಗೈಗೋ ಹರಿದರೆ, ತಲೆ ಸುತ್ತಿದರೆ ‘ಗ್ಯಾಸ್ಟ್ರಿಕ್’ ಎಂದು ತಳ್ಳಿಹಾಕದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಶೂ, ಹೆಜ್ಜೆ, ಹಿಮೋಗ್ಲೋಬಿನ್

ಶೂ ಬಗ್ಗೆ ಅಂಗಡಿಯವರು ಹೇಳುವಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ಪಾದದ ಆಕಾರ ನೋಡಿ ಶೂ ಕೊಟ್ಟರೆ ಪೆಟ್ಟು ತಪ್ಪುತ್ತದೆಯೇ ಎಂದು ಅಮೆರಿಕದ ಸೇನೆ ಸಾವಿರಾರು ಹೊಸ ಸೈನಿಕರ ಮೇಲೆ ಪರೀಕ್ಷಿಸಿದಾಗ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಹಾಕಿಕೊಂಡಾಗ ಹಿತವಾಗಿರುವ, ಬೆರಳ ಮುಂದೆ ಒಂದಷ್ಟು ಜಾಗವಿರುವ ಶೂ ಸಾಕು. ಬರಿಗಾಲ ಓಟದ ಬಗ್ಗೆ ಹಾರ್ವರ್ಡಿನ ಡೇನಿಯಲ್ ಲೀಬರ್‌ಮನ್ 2010ರಲ್ಲಿ ಪ್ರಕಟಿಸಿದ ಸಂಶೋಧನೆಯ ನಂತರ ದೊಡ್ಡ ಅಲೆಯೇ ಎದ್ದಿತ್ತು. ಆದರೆ ಶೂಗೆ ಒಗ್ಗಿದ ಪಾದ ಒಮ್ಮೆಲೇ ಬರಿಗಾಲಿಗೆ ಹೋದರೆ ಪಾದದ ಮೂಳೆಗೆ ಪೆಟ್ಟು. ಹೆಜ್ಜೆಯ ವಿಷಯದಲ್ಲಿ ಒಂದು ಸಲಹೆ ಗಟ್ಟಿ: ಕಾಲನ್ನು ಉದ್ದಕ್ಕೆ ಚಾಚದೆ, ಚಿಕ್ಕ ಹೆಜ್ಜೆಗಳನ್ನು ಬೇಗಬೇಗ ಇಟ್ಟರೆ ಮೊಣಕಾಲಿನ ಮೇಲಿನ ಭಾರ ಇಳಿಯುತ್ತದೆ.

ಮಹಿಳೆಯರ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇದೆ. ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನೇ ಕಡಿಮೆಯಿದ್ದರೆ ಎಷ್ಟು ಅಭ್ಯಾಸ ಮಾಡಿದರೂ ದಮ್ಮು ಬರುವುದಿಲ್ಲ. ವಾರಗಟ್ಟಲೆ ಓಡಿಯೂ ಸುಸ್ತು ಇಳಿಯದಿದ್ದರೆ ತಮ್ಮನ್ನು ತಾವು ಹಳಿದುಕೊಳ್ಳುವ ಮೊದಲು ಒಂದು ರಕ್ತ ಪರೀಕ್ಷೆ ಮಾಡಿಸಿಕೊಳ್ಳಲಿ.

ಓಡಲು ಜಾಗ ಎಲ್ಲಿ?

ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ, ಅಥವಾ 75ರಿಂದ 150 ನಿಮಿಷ ತೀವ್ರ ಶ್ರಮದ ವ್ಯಾಯಾಮವನ್ನು ಸೂಚಿಸುತ್ತದೆ. 2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಬಂದ ಅಂದಾಜಿನಂತೆ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನ ಈ ಕನಿಷ್ಠ ಮಟ್ಟವನ್ನೂ ಮುಟ್ಟುತ್ತಿಲ್ಲ. ಮಹಿಳೆಯರಲ್ಲಿ ಇದು ಶೇಕಡಾ 57, ಪುರುಷರಲ್ಲಿ ಶೇಕಡಾ 42.

ಈ ಅಂತರವನ್ನು ಸೋಮಾರಿತನ ಎನ್ನುವುದು ಅನ್ಯಾಯ. ಬೆಂಗಳೂರಿನಲ್ಲಿ ಕಬ್ಬನ್ ಪಾರ್ಕ್, ಲಾಲ್‌ಬಾಗ್, ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆಯ ಏರಿ ಇವೆ. ಅಲ್ಲಿ ಮಣ್ಣಿನ ದಾರಿ, ಮರದ ನೆರಳು, ಜೊತೆಗೆ ಓಡುವ ಜನ ಇದ್ದಾರೆ. ತಾಲ್ಲೂಕು ಕೇಂದ್ರದ ಹೆಣ್ಣುಮಗಳಿಗೆ ಹೆದ್ದಾರಿಯ ಅಂಚೇ ಗತಿ. ಲಾರಿಗಳು, ಬೀದಿನಾಯಿಗಳು, ಕತ್ತಲು, ಚುಡಾಯಿಸುವವರು, ‘ಈ ವಯಸ್ಸಿನಲ್ಲಿ ಓಡುವುದೇನು’ ಎನ್ನುವ ಬಾಯಿಗಳು. ಕರಾವಳಿಯಲ್ಲಿ ಸೆಕೆ, ಕಲಬುರಗಿ ರಾಯಚೂರುಗಳಲ್ಲಿ ಬಿಸಿಲು. ಬಿಸಿಲಿಗೆ ಮೈ ಒಗ್ಗಲು ಎರಡು ವಾರ ಬೇಕು, ಆ ತನಕ ದೂರ ಮತ್ತು ವೇಗ ಎರಡನ್ನೂ ಇಳಿಸಬೇಕು. ಬೇಸಿಗೆಯಲ್ಲಿ ಸೂರ್ಯ ಏರುವ ಮುನ್ನ ಓಡಬೇಕು, ಆದರೆ ಆ ಹೊತ್ತಿಗೆ ಬೀದಿದೀಪವೇ ಇರದ ಊರುಗಳು ಎಷ್ಟೋ ಇವೆ.

ಇದಕ್ಕೆ ಕೋಟಿಗಟ್ಟಲೆಯ ಕ್ರೀಡಾಂಗಣ ಬೇಕಿಲ್ಲ. ಊರೂರಿನಲ್ಲೂ ಸರಕಾರಿ ಪ್ರೌಢಶಾಲೆಯ ಮೈದಾನ ಇದೆ. ಬೆಳಿಗ್ಗೆ ಐದರಿಂದ ಏಳರವರೆಗೆ ಅದರ ಗೇಟು ತೆರೆದು, ಎರಡು ದೀಪ ಹಾಕಿ, ಸುತ್ತಲೂ ಮಣ್ಣಿನ ದಾರಿ ಸಮತಟ್ಟು ಮಾಡಿಸಿದರೆ ಸಾಕು. ಗ್ರಾಮ ಪಂಚಾಯಿತಿ, ಪುರಸಭೆಗಳು ಮನಸ್ಸು ಮಾಡಿದರೆ ಆಗುವ ಕೆಲಸ ಇದು. ದೈಹಿಕ ಶಿಕ್ಷಕರು ನೇಮಕಾತಿಗೆ ಓಡುವ ಮಕ್ಕಳಿಗೆ ನಿಧಾನ ಓಟದ ಲೆಕ್ಕ ಹೇಳಿಕೊಟ್ಟರೆ ಅವರ ಕಾಲುಗಳು ಉಳಿಯುತ್ತವೆ.

ಓಡಲು ಹೊರಟವರಿಗೆ ಹೇಳುವುದಿಷ್ಟೇ. ವಾರಕ್ಕೆ ಮೂರು ದಿನ ಸಾಕು. ಮಾತಾಡಲು ಆಗುವಷ್ಟೇ ವೇಗ ಇರಲಿ, ಬೇಕಾದಲ್ಲಿ ನಡೆಯಿರಿ. ಉಸಿರು ಹಗುರವಾಯಿತೆಂದು ದೂರವನ್ನು ಒಮ್ಮೆಲೇ ಹಿಗ್ಗಿಸಬೇಡಿ. ಮೊದಲ ಆರು ತಿಂಗಳು ಯಾವ ಸ್ಪರ್ಧೆಯ ಬಗ್ಗೆಯೂ ಯೋಚಿಸದೆ ಮೂಳೆಗೆ ಅದರ ಸಮಯ ಕೊಡಿ. ಒಂದು ವರ್ಷದ ನಂತರವೂ ಓಡುತ್ತಿರುವವರಿಗೇ ಓಟದ ಪೂರ್ತಿ ಲಾಭ ಸಿಗುತ್ತದೆ.